ಎಲೆಬಟ್ಟಲಿನ ನೀರು

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಪತ್ರ ಬರೆದಾಗ, ಏನನ್ನು ಬರೆಯಲಿ ಎಂದು ಬಹಳ ದಿನ ತೊಳಲಾಡಿದೆ. ನಾನು ಸಾಹಿತಿಯಲ್ಲ. ಮೂವತ್ತಮೂರು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಜೀವಶಾಸ್ತ್ರವನ್ನು ಕಲಿಸಿ ೨೦೧೨ರಲ್ಲಿ ನಿವೃತ್ತನಾದ ಒಬ್ಬ ಸಾಮಾನ್ಯ ಶಿಕ್ಷಕ. ಹಿರಿಯರ ಸೇವೆಯನ್ನೂ ದಾನಿಗಳ ಔದಾರ್ಯವನ್ನೂ ಕುರಿತು ಬರೆಯಲು ನನಗಿಂತ ಬಲ್ಲವರಿದ್ದಾರೆ. ಆದ್ದರಿಂದ ನನ್ನ ಅಂಗಳದಲ್ಲಿ ನಾನು ಬೆಳೆಸಿದ ಕೆಲವು ಬಣ್ಣದ ಗಿಡಗಳ ವಿಷಯವನ್ನೂ, ಅವುಗಳ ದೆಸೆಯಿಂದ ನಾನು ತಡವಾಗಿ ಕಲಿತ ಒಂದು ಪಾಠವನ್ನೂ ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಲಿ.

ನಾನು ಈ ಶಾಲೆಯ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಪ್ರಸಾದನಿಲಯದ ಹಿಂದಿನ ಬೇಲಿಯುದ್ದಕ್ಕೂ ಅನಾನಸಿನ ಸಾಲೊಂದಿತ್ತು. ದನ ಬಾರದಿರಲೆಂದು ಹಾಕಿದ ಸಾಲು ಅದು. ಹಣ್ಣಿನ ಆಸೆಯಿಂದ ಹಾಕಿದ್ದಲ್ಲ. ಆದರೂ ಹಣ್ಣು ಬಿಡುತ್ತಿತ್ತು; ನಾವು ಮೊಣಕೈಗೆ ಗೀರು ಮಾಡಿಕೊಂಡು ಕೀಳುತ್ತಿದ್ದೆವು. ಆ ಮುಳ್ಳಂಚಿನ ಗಿಡವು ಜಗತ್ತಿನ ಅತ್ಯಂತ ಚೆಲುವಾದ ಒಂದು ಸಸ್ಯಕುಟುಂಬದ ಸದಸ್ಯನೆಂಬುದು ಆಗ ತಿಳಿದಿರಲಿಲ್ಲ. ಮುಂದೆ ಅದನ್ನು ಪುಸ್ತಕದಿಂದ ಓದಿ ಮಕ್ಕಳಿಗೆ ಹೇಳಿದೆನಾದರೂ, ಕಣ್ಣಾರೆ ಕಂಡದ್ದು ಅರವತ್ತು ದಾಟಿದ ಮೇಲೆ.

ಆ ಕುಟುಂಬದ ಹೆಸರು ಬ್ರೊಮೀಲಿಯೇಸಿ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಓಲೋಫ್ ಬ್ರೊಮೇಲಿಯಸ್ (೧೬೩೯–೧೭೦೫) ಎಂಬುವರ ಗೌರವಾರ್ಥ ಬಂದ ಹೆಸರು ಅದು. ಇದರಲ್ಲಿ ೩,೦೦೦ಕ್ಕೂ ಮಿಕ್ಕ ಜಾತಿಗಳಿವೆ. ಪಶ್ಚಿಮ ಆಫ್ರಿಕದ ಗಿನಿ ದೇಶದ ಬಂಡೆಗಳ ಮೇಲೆ ಬೆಳೆಯುವ ಒಂದೇ ಒಂದು ಜಾತಿಯನ್ನು ಬಿಟ್ಟರೆ ಮಿಕ್ಕವೆಲ್ಲವೂ ಅಮೆರಿಕ ಖಂಡಗಳಿಗೆ ಸೇರಿದವು. ಕೊಲಂಬಸನು ೧೪೯೩ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡನು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ನಾಡಿಗೆ ತಂದರು. ಜಹಾಂಗೀರ್ ಬಾದಶಹನು ಆಗ್ರಾದ ತನ್ನ ತೋಟದಲ್ಲಿ ವರ್ಷಕ್ಕೆ ಸಾವಿರಾರು ಹಣ್ಣು ಬಿಡುತ್ತವೆಂದು ತನ್ನ ಆತ್ಮವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಇಂದು ಬನವಾಸಿ, ಸೊರಬಗಳ ಕಡೆ ಲಾರಿಗಟ್ಟಲೆ ಅನಾನಸು ಬೆಳೆಯುವ ರೈತನಿಗೆ ಅದು ಪರದೇಶದ ಗಿಡವೆಂದರೆ ನಗು ಬಂದೀತು. ನೆಲೆಯೂರಿದ ಮೇಲೆ ನೆಂಟನೂ ಮನೆಯವನೇ.

ಆದರೆ ಅನಾನಸಿನ ಬಣ್ಣದ ದಾಯಾದಿಗಳು ನನ್ನ ಮನೆಗೆ ಬಂದದ್ದು ಒಂದು ನಷ್ಟದ ಬೆನ್ನಿಗೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ನಮ್ಮ ಮನೆಯ ಮುಂದೆ ಒಂದು ಸಂಪಿಗೆಯ ಮರವಿತ್ತು. ಅದರ ನೆರಳಿನಲ್ಲಿ ನನ್ನ ಪತ್ನಿ ಜರೀಗಿಡಗಳನ್ನೂ ಆಂಥೂರಿಯಮ್ಮನ್ನೂ ಬೆಳೆಸಿದ್ದಳು. ೨೦೧೩ರ ಮಳೆಗಾಲದ ಒಂದು ಸಂಜೆ ಗಾಳಿಗೆ ಮರ ಬುಡಸಹಿತ ಉರುಳಿತು. ಮಾರನೆಯ ದಿನದಿಂದ ಅಂಗಳವೆಲ್ಲ ಬಿಸಿಲಿಗೆ ಬಯಲಾಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ನೆರಳಿನ ಗಿಡಗಳು ಒಂದೊಂದಾಗಿ ಸುಟ್ಟುಹೋದುವು. ಲಾಲ್‌ಬಾಗಿನ ಸಮೀಪದ ಸಿದ್ದಾಪುರದ ನರ್ಸರಿಯೊಂದರಲ್ಲಿ ನನ್ನ ಕಷ್ಟವನ್ನು ತೋಡಿಕೊಂಡಾಗ, ಅಲ್ಲಿನ ಹಿರಿಯ ಮಾಲಿ ಒಂದು ಮಂಕಾದ ಹಸಿರು ಗಿಡವನ್ನು ಕೈಗಿತ್ತು, "ಇದನ್ನು ಬಿಸಿಲಿಗೇ ಇಡಿ ಸ್ವಾಮಿ, ಆಮೇಲೆ ನೋಡಿ" ಎಂದ. ನಿಯೊರಿಗೇಲಿಯ ಎಂಬ ಪಂಗಡದ, ಫೈರ್‌ಬಾಲ್ ಎಂದು ಕರೆಯುವ ಗಿಡ್ಡ ಗಿಡ ಅದು. ನೋಡಿದ ನೆರೆಹೊರೆಯವರು "ಇದೇನು ಮೇಷ್ಟ್ರೇ, ಕತ್ತಾಳೆ ತಂದಿದ್ದೀರಿ?" ಎಂದು ಕೇಳಿದರು.

ಮೊದಲ ವರ್ಷ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ. ನೆರಳಿನಿಂದ ತಂದ ಗಿಡವನ್ನು ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲಿಗೆ ಒಮ್ಮೆಲೇ ಇಟ್ಟೆ. ಎಲೆಗಳ ಮೇಲೆ ಬೆಳ್ಳನೆಯ ಸುಟ್ಟ ಕಲೆಗಳು ಎದ್ದುವು. ಬಿಸಿಲನ್ನು ಬಯಸುವ ಗಿಡಕ್ಕೂ ಬಿಸಿಲನ್ನು ಅಭ್ಯಾಸ ಮಾಡಿಸಬೇಕು: ಮೊದಲು ಬೆಳಗಿನ ಎರಡು ಗಂಟೆ, ವಾರ ಕಳೆದ ಮೇಲೆ ನಾಲ್ಕು ಗಂಟೆ, ಹೀಗೆ ಒಂದೂವರೆ ಎರಡು ತಿಂಗಳು. ಆಮೇಲೆ, ಪಾಪ, ಬಾಡಿದೆಯಲ್ಲ ಎಂದು ಸಗಣಿಯ ಗಂಜಳದ ನೀರನ್ನು ಧಾರಾಳವಾಗಿ ಎರೆದೆ. ಗಿಡ ಚೇತರಿಸಿತು, ಆದರೆ ಹಸಿರಾಗಿ, ಉದ್ದುದ್ದ ಎಲೆ ಬಿಟ್ಟು ಜೋತುಬಿದ್ದಿತು. ಸಾರಜನಕದ ಗೊಬ್ಬರ ಹೆಚ್ಚಾದರೆ ಇವು ಬಣ್ಣವನ್ನು ಮರೆಯುತ್ತವೆ. ಎಲೆಯನ್ನು ಕೆಂಪೇರಿಸುವ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಪ್ರಖರವಾದ ಬೆಳಕಿನಲ್ಲಿ ಹೆಚ್ಚುತ್ತದೆ. ಬಿಸಿಲಿನಿಂದ ಎಲೆಗೆ ಅದು ಒಂದು ಬಗೆಯ ಕೊಡೆ. ನೆರಳಿನಲ್ಲಿ, ಸಮೃದ್ಧಿಯಲ್ಲಿ, ಕೊಡೆಯ ಅಗತ್ಯವಿಲ್ಲ. ಗೊಬ್ಬರವನ್ನು ನಿಲ್ಲಿಸಿ, ಬಿಸಿಲಿಗೆ ಒಡ್ಡಿದ ಕೆಲವೇ ತಿಂಗಳಲ್ಲಿ ಆ ಮಂಕು ಗಿಡ ಕೆಂಡದಂತೆ ಹೊಳೆಯತೊಡಗಿತು. ಅದನ್ನು ನೋಡಿದ ದಿನದಿಂದ ನನಗೆ ಈ ಹುಚ್ಚು ಹಿಡಿಯಿತು.

ಹೊಸದಾಗಿ ಬೆಳೆಸಬಯಸುವವರಿಗೆ ಒಂದು ಸರಳವಾದ ಗುರುತನ್ನು ಹೇಳಬಲ್ಲೆ. ಎಲೆ ಮೃದುವಾಗಿ, ತೆಳ್ಳಗೆ, ಅಚ್ಚ ಹಸಿರಾಗಿದ್ದರೆ ಅದು ನೆರಳಿನ ಗಿಡ, ಗುಸ್ಮೇನಿಯ ಅಂಥದು. ಎಲೆ ಗಡುಸಾಗಿ, ಅಂಚಿನಲ್ಲಿ ಮುಳ್ಳಿದ್ದು, ಮೈಮೇಲೆ ಬೂದಿ ಬಳಿದಂಥ ಹೊಳಪಿದ್ದರೆ ಅದು ಸಾಮಾನ್ಯವಾಗಿ ಬಿಸಿಲಿಗೆ ಅಂಜದು. ಆ ಬೂದಿಯು ವಾಸ್ತವವಾಗಿ ಅತಿಸೂಕ್ಷ್ಮವಾದ ಹುರುಪೆಗಳು; ಅವುಗಳ ಮೂಲಕವೇ ಎಲೆ ನೀರನ್ನು ಹೀರುತ್ತದೆ. ಬೇರಿನ ಮುಖ್ಯ ಕೆಲಸ ಹಿಡಿದುಕೊಳ್ಳುವುದು. ಆದುದರಿಂದ ಕುಂಡಕ್ಕೆ ಜಿಗಟು ಮಣ್ಣು ಕೂಡದು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆಯ ಚೂರು, ದಪ್ಪ ಮರಳು ಸಾಕು. ಬುಡವನ್ನು ಆಳವಾಗಿ ಹೂಳಿದರೆ ಕೊಳೆಯುವುದು ನಿಶ್ಚಯ. ಬಿಸಿಲಿನ ನಾಡಿನ ಬಹಳಷ್ಟು ಜಾತಿಗಳು, ನಮ್ಮ ಅನಾನಸೂ ಸೇರಿ, ಎಲೆಯ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆದು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತವೆ. ಹೀಗಾಗಿ ಹಗಲಿನ ಕಾವಿನಲ್ಲಿ ನೀರು ಪೋಲಾಗುವುದಿಲ್ಲ.

ವರ್ಷ ಕಳೆದಂತೆ ನನ್ನ ಸಂಗ್ರಹ ಬೆಳೆಯಿತು. ಬ್ರೆಜಿಲಿನ ಬಾಹಿಯಾ ಪ್ರಾಂತ್ಯದ ಈಕ್ಮಿಯ ಬ್ಲಾಂಶೆಟಿಯಾನ ಬಂದಿತು; ನೆರಳಲ್ಲಿ ಹಸಿರು, ತುಂಬು ಬಿಸಿಲಲ್ಲಿ ಹಣ್ಣಾದ ಕಿತ್ತಳೆಯ ಬಣ್ಣ. ರಿಯೊ ನಗರದ ಬಳಿಯ ಬೆಟ್ಟಗಳ ಬಂಡೆಗಳ ಮೇಲೆ ಬೆಳೆಯುವ, ಹೂವಿಗೆ ಹತ್ತು ವರ್ಷವೋ ಅದಕ್ಕೂ ಹೆಚ್ಚೋ ಕಾಯಿಸುವ ಅಲ್ಕಾಂಟಾರಿಯ ಇಂಪೀರಿಯಾಲಿಸ್ ಬಂದಿತು. ಇವುಗಳನ್ನು ಹಿತ್ತಲಿನಿಂದ ರಾಜಬೀದಿಗೆ ತಂದವರಲ್ಲಿ ಬ್ರೆಜಿಲಿನ ಉದ್ಯಾನಶಿಲ್ಪಿ ರೊಬೆರ್ಟೊ ಬರ್ಲೆ ಮಾರ್ಕ್ಸ್ (೧೯೦೯–೧೯೯೪) ಪ್ರಮುಖರು. ತರುಣರಾಗಿದ್ದಾಗ ಬರ್ಲಿನ್ನಿಗೆ ಹೋದ ಅವರು ತಮ್ಮ ನಾಡಿನ ಗಿಡಗಳ ಚೆಲುವನ್ನು ಮೊದಲು ಕಂಡದ್ದು ಅಲ್ಲಿನ ಸಸ್ಯೋದ್ಯಾನದ ಗಾಜಿನ ಮನೆಯಲ್ಲಂತೆ. ಊರಿಗೆ ಮರಳಿ ಆ ಗಿಡಗಳಿಂದಲೇ ತೋಟಗಳನ್ನು ಕಟ್ಟಿದರು. ರಿಯೊ ಸಮೀಪದ ಅವರ ತೋಟ ೨೦೨೧ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹಿತ್ತಲ ಗಿಡ ಮದ್ದಲ್ಲವೆಂಬ ಮಾತು ಎಲ್ಲ ದೇಶಕ್ಕೂ ಸಲ್ಲುವಂತೆ ತೋರುತ್ತದೆ.

೨೦೧೬ರ ಮಳೆಗಾಲದಲ್ಲಿ ಒದಗಿದ ಒಂದು ಅನಾಹುತವನ್ನು ಇಲ್ಲಿ ಹೇಳಲೇಬೇಕು. ನಮ್ಮದು ಸಾಗರದ ಕಡೆಯ ಅಡಕೆ ತೋಟದ ಮನೆತನ. ಕೊಳೆರೋಗ ಬಂತೆಂದರೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವೇ ನಮಗೆ ಸಂಜೀವಿನಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆಗೆ ಅದನ್ನು ಬಳಕೆಗೆ ತಂದ ಕಥೆಯನ್ನು ಅಜ್ಜನ ಬಾಯಿಂದ ಕೇಳಿ ಬೆಳೆದವನು ನಾನು. ಬ್ರೊಮೀಲಿಯಡ್ಡುಗಳ ಎಲೆಗಳ ಮೇಲೆ ಚುಕ್ಕೆ ಕಂಡೊಡನೆ, ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಅದೇ ಹದದಲ್ಲಿ ಸ್ವಲ್ಪ ದ್ರಾವಣ ಮಾಡಿ ಸಿಂಪಡಿಸಿದೆ. ಮೂರು ವಾರದಲ್ಲಿ ಹತ್ತೊಂಬತ್ತು ಗಿಡಗಳ ಸುಳಿ ಕೊಳೆತು ಕೈಗೆ ಕಿತ್ತುಬಂದುವು. ತಾಮ್ರವು ಈ ಕುಲಕ್ಕೆ ವಿಷ. ಎಲೆಯಿಂದಲೇ ನೀರು ಹೀರುವ ಗಿಡ ತಾಮ್ರವನ್ನೂ ಹೀರಿಬಿಡುತ್ತದೆ. ತಾಮ್ರದ ತಂತಿಯಿಂದ ಕಟ್ಟುವುದೂ ಕೂಡದೆಂದು ಬಲ್ಲವರು ಆಮೇಲೆ ತಿಳಿಸಿದರು. ಒಂದು ಕಡೆಯ ಅನುಭವವನ್ನು ವಿಚಾರಿಸದೆ ಇನ್ನೊಂದು ಕಡೆಗೆ ಹೊತ್ತೊಯ್ಯುವುದು ವಿದ್ಯಾವಂತರಿಗೂ ತಪ್ಪದ ದೋಷ. ಗಿಡ ಹೋದುವು, ನನಗೆ ದುಃಖವಾಯಿತು. ಆದರೆ ಆ ನಷ್ಟ ನನ್ನೊಬ್ಬನದಾಗಿತ್ತು.

ಉಳಿದ ಗಿಡಗಳು ಮತ್ತೆ ಮರಿ ಹಾಕಿ ಅಂಗಳವನ್ನು ತುಂಬಿದುವು. ಈ ಗಿಡಗಳ ಬಾಳು ವಿಚಿತ್ರವಾದದ್ದು. ಪ್ರತಿಯೊಂದು ಸುಳಿಯೂ ಒಮ್ಮೆ ಮಾತ್ರ ಹೂ ಬಿಡುತ್ತದೆ. ಆಮೇಲೆ ಒಂದೆರಡು ವರ್ಷ ಬದುಕಿ, ಬುಡದಲ್ಲಿ ಮರಿಗಳನ್ನು ಕೊಟ್ಟು ಒಣಗುತ್ತದೆ. ಮರಿ ತಾಯಿಯ ಮೂರನೆಯ ಒಂದು ಭಾಗಕ್ಕೆ ಬೆಳೆಯುವವರೆಗೆ ಬೇರ್ಪಡಿಸಬಾರದು. ಬೇಗ ಹೂ ಬೇಕೆನ್ನುವವರು ಬಲಿತ ಗಿಡದ ನೀರನ್ನು ಚೆಲ್ಲಿ, ಒಂದು ಕಳಿತ ಸೇಬನ್ನು ಜೊತೆಗಿಟ್ಟು ಪ್ಲಾಸ್ಟಿಕ್ ಚೀಲದಿಂದ ವಾರ ಹತ್ತು ದಿನ ಮುಚ್ಚುತ್ತಾರೆ. ಹಣ್ಣು ಬಿಡುವ ಎಥಿಲೀನ್ ಅನಿಲವು ಹೂವನ್ನು ಕರೆಯುತ್ತದೆ. ಅನಾನಸಿನ ರೈತರು ಸುಳಿಗೆ ಔಷಧ ಹಾಕುವುದರ ಹಿಂದೆಯೂ ಇದೇ ತತ್ತ್ವವಿದೆ.

ಇನ್ನು, ಎಲೆಬಟ್ಟಲು. ಅನೇಕ ಜಾತಿಗಳಲ್ಲಿ ಎಲೆಗಳ ಬುಡಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ನಡುವೆ ಒಂದು ಬಟ್ಟಲಾಗುತ್ತದೆ. ಮಳೆಯ ನೀರು ಅದರಲ್ಲಿ ನಿಲ್ಲುತ್ತದೆ. ತಾಯ್ನಾಡಿನ ಕಾಡಿನಲ್ಲಿ ಆ ಬಟ್ಟಲೊಂದು ಕಿರಿಯ ಕೆರೆ. ಕಪ್ಪೆಗಳು, ಕೀಟಗಳು, ಅವುಗಳನ್ನು ತಿನ್ನುವ ಇತರ ಕೀಟಗಳು ಅದರಲ್ಲಿ ಸಂಸಾರ ಮಾಡುತ್ತವೆ. ನಗರದ ಅಂಗಳದಲ್ಲಿ ಆ ಕಪ್ಪೆಗಳಿಲ್ಲ. ಅಲ್ಲಿಗೆ ಬರುವ ಅತಿಥಿ ಸೊಳ್ಳೆ. ಇದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಮೊಟ್ಟೆ, ಡಿಂಭ, ಕೋಶ, ಪ್ರೌಢ ಎಂದು ಸೊಳ್ಳೆಯ ನಾಲ್ಕು ಅವಸ್ಥೆಗಳನ್ನು ಮೂವತ್ತಮೂರು ವರ್ಷ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬರೆದವನು ನಾನು. ಮೊದಮೊದಲು ಪ್ರತಿ ವಾರವೂ ಕೊಳವೆಯ ನೀರನ್ನು ರಭಸದಿಂದ ಹಾಯಿಸಿ ಬಟ್ಟಲುಗಳನ್ನು ತೊಳೆಯುತ್ತಿದ್ದೆ. ಗಿಡಗಳು ನೂರನ್ನು ದಾಟಿ, ನೂರಾನಲವತ್ತಾದಾಗ ಸೊಂಟ ಬಗ್ಗದಾಯಿತು. ವಾರ ಹದಿನೈದು ದಿನವಾಯಿತು. ಮಳೆ ಬಂದರೆ ತಾನೇ ತೊಳೆಯುತ್ತದೆಂದು ಸಮಾಧಾನ ಹೇಳಿಕೊಂಡೆ.

ಪಕ್ಕದ ಮನೆಯಲ್ಲಿ ಎಂಟು ವರ್ಷದ ಒಬ್ಬ ಬಾಲಕನಿದ್ದಾನೆ. ಸಂಜೆಯಾದರೆ ನನ್ನ ಗಿಡಗಳ ನಡುವೆ ಓಡಾಡುವುದು ಅವನ ಆಟ. ೨೦೨೪ರ ಜೂನ್ ತಿಂಗಳಲ್ಲಿ, ನಾನು ಅಣ್ಣನ ಮೊಮ್ಮಗಳ ಮದುವೆಗೆಂದು ಊರಿಗೆ ಹೊರಟು ನಿಂತ ಹೊತ್ತಿನಲ್ಲಿ, ಅವನು ಗೋಡೆಯ ಕಡೆಯ ಸಾಲಿನಲ್ಲಿ ಬಗ್ಗಿ ನೋಡುತ್ತಾ, "ತಾತ, ನೀರಲ್ಲಿ ಏನೋ ಕುಣಿಯುತ್ತಿದೆ, ಬಂದು ನೋಡಿ" ಎಂದು ಕೂಗಿದ. ಆಟೋ ಬಾಗಿಲಲ್ಲಿ ನಿಂತಿತ್ತು. "ಬಂದ ಮೇಲೆ ನೋಡೋಣಪ್ಪ" ಎಂದೆ. ಮಕ್ಕಳು ಪ್ರಶ್ನೆ ಕೇಳಬೇಕೆಂದು ಜೀವಮಾನವಿಡೀ ಹೇಳಿದ ನಾನು, ಕೇಳಿದ ಮಗುವಿಗೆ ಕೊಟ್ಟ ಉತ್ತರ ಅದು.

ಊರಿನಲ್ಲಿ ಹದಿನೆಂಟು ದಿನ ಉಳಿದೆ. ಮರಳಿ ಬಂದಾಗ ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಹುಡುಗನಿಗೆ ಡೆಂಗೀ ಜ್ವರ. ಆಸ್ಪತ್ರೆಗೆ ಸೇರಿಸಿ ಮೂರು ದಿನವಾಯಿತೆಂದು ಎದುರು ಮನೆಯವರು ತಿಳಿಸಿದರು. ಆ ರಾತ್ರಿ ಟಾರ್ಚು ಹಿಡಿದು ಅಂಗಳಕ್ಕೆ ಇಳಿದೆ. ಗೋಡೆಯ ಕಡೆಯ ಸಾಲಿನಲ್ಲಿ, ಬಟ್ಟಲು ಬಟ್ಟಲಲ್ಲೂ, ಬೆಳಕು ಬಿದ್ದೊಡನೆ ಡಿಂಭಗಳು ತಲೆಕೆಳಗಾಗಿ ಕುಣಿದು ತಳಕ್ಕೆ ಇಳಿದುವು. ಕೆಲವು ಬಟ್ಟಲುಗಳಲ್ಲಿ ಬರಿಯ ಕೋಶದ ಸಿಪ್ಪೆಗಳು ತೇಲುತ್ತಿದ್ದುವು, ಒಳಗಿದ್ದವು ಹಾರಿಹೋಗಿದ್ದುವು.

ಹುಡುಗನನ್ನು ಕಚ್ಚಿದ ಸೊಳ್ಳೆ ನನ್ನ ಬಟ್ಟಲಿನಲ್ಲಿ ಹುಟ್ಟಿತೆಂದು ಹೇಳಲು ಸಾಧ್ಯವಿಲ್ಲ. ಡೆಂಗೀಯನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಮನೆಯ ಡ್ರಮ್ಮು, ತೊಟ್ಟಿ, ಹಳೆಯ ಟೈರುಗಳೇ ಹೆಚ್ಚು ಪ್ರಿಯ. ಅದರ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್ ಗಿಡಗಳ ಬುಡದ ನೀರನ್ನು ಹೆಚ್ಚು ಅರಸುತ್ತದೆ. ಆ ವರ್ಷ ರೋಗ ಎಷ್ಟು ಹಬ್ಬಿತ್ತೆಂದರೆ, ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಈ ಎಲ್ಲ ವಾದಗಳೂ ಆ ರಾತ್ರಿ ನನ್ನ ಮನಸ್ಸಿನಲ್ಲಿ ಸಾಲುಗಟ್ಟಿ ನಿಂತುವು. ವಕೀಲನಾಗಿದ್ದರೆ ಅವು ಸಾಕಾಗುತ್ತಿದ್ದುವು. ಆದರೆ ಈ ಸೊಳ್ಳೆಗಳು ಬಹಳ ದೂರ ಹಾರುವಂಥವಲ್ಲವೆಂದೂ, ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕೆಂದೂ ತರಗತಿಯಲ್ಲಿ ಹೇಳಿದವನೂ ನಾನೇ. ನಮ್ಮ ಎರಡು ಮನೆಗಳ ನಡುವೆ ಇರುವುದು ಒಂದು ಗೋಡೆ.

ಆರು ದಿನಗಳ ಮೇಲೆ ಹುಡುಗ ಗುಣವಾಗಿ ಮನೆಗೆ ಬಂದ. ಸೊರಗಿದ್ದ, ಆದರೆ ನಗುತ್ತಿದ್ದ. ಹಣ್ಣು ತೆಗೆದುಕೊಂಡು ಹೋಗಿ, ಅವನ ತಂದೆತಾಯಿಯ ಮುಂದೆ ಕಂಡದ್ದನ್ನು ಕಂಡಂತೆ ಹೇಳಿದೆ. ಹುಡುಗನು ತೋರಿಸಿದ್ದನ್ನು ನಾನು ನೋಡದೆ ಹೋದುದನ್ನೂ ಮುಚ್ಚಿಡಲಿಲ್ಲ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸಂಪಿನ ಮುಚ್ಚಳವೂ ಒಡೆದು ತಿಂಗಳಾಗಿತ್ತು, ಮೇಷ್ಟ್ರೇ. ಯಾರನ್ನು ಅನ್ನೋಣ?" ಎಂದರು. ಅದು ಅವರ ದೊಡ್ಡತನ. ಆದರೆ ತಾಯಿ ನನ್ನ ಮುಖ ನೋಡದೆ, "ಗಿಡ ನಿಮ್ಮದಿರಬಹುದು ಮೇಷ್ಟ್ರೇ, ಸೊಳ್ಳೆ ಎಲ್ಲರ ಮನೆಗೂ ಬರುತ್ತೆ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಎಲ್ಲವನ್ನೂ ಕಿತ್ತೆಸೆಯುವುದೆಂದು ಮೊದಲು ನಿಶ್ಚಯಿಸಿದ್ದೆ. ನನ್ನ ಪತ್ನಿ ತಡೆದಳು. "ಗಿಡದ್ದೇನು ತಪ್ಪು? ಕೈಲಾಗುವಷ್ಟು ಇಟ್ಟುಕೊಳ್ಳಿ" ಎಂದಳು. ಕೈಲಾಗುವುದು ಎಷ್ಟು ಎಂದು ಲೆಕ್ಕ ಹಾಕಿದೆ. ಒಂದು ಬಟ್ಟಲನ್ನು ಸರಿಯಾಗಿ ತೊಳೆಯಲು ಸುಮಾರು ಒಂದು ನಿಮಿಷ ಬೇಕು. ಬರಿದೆ ನೀರು ಚೆಲ್ಲಿದರೆ ಸಾಲದು. ಈಡಿಸ್ ಸೊಳ್ಳೆಯ ಮೊಟ್ಟೆಗಳು ನೀರಿನಂಚಿನ ಮೇಲ್ಗಡೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ರಭಸದ ಧಾರೆಯೇ ಬೇಕು. ನನ್ನ ಸೊಂಟ ತಾಳುವುದು ನಲವತ್ತು ನಿಮಿಷ. ಆದ್ದರಿಂದ ನಲವತ್ತು ಗಿಡ. ಮಿಕ್ಕವುಗಳಲ್ಲಿ ಮುದಿಯಾದವು ಗೊಬ್ಬರದ ಗುಂಡಿಗೆ ಹೋದುವು. ಎಳೆಯವನ್ನು, ವಾರಕ್ಕೆರಡು ಬಾರಿ ತೊಳೆಯುವೆನೆಂದು ಮಾತು ಕೊಟ್ಟವರಿಗೆ ಮಾತ್ರ ಕೊಟ್ಟೆ. ಖಾಲಿಯಾದ ಗೋಡೆಯ ಮೇಲೆ, ಬಟ್ಟಲಿಲ್ಲದ ಟಿಲ್ಯಾಂಡ್ಸಿಯಗಳನ್ನು ಹಲಗೆಗೆ ಕಟ್ಟಿದೆ, ದಾರದಿಂದ, ತಂತಿಯಿಂದಲ್ಲ. ಬುಧವಾರ, ಭಾನುವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಬಟ್ಟಲು ತೊಳೆಯುವ ಕೆಲಸ ತಪ್ಪುವುದಿಲ್ಲ. ನಾನು ಊರಿನಲ್ಲಿಲ್ಲದಾಗ ಡಿಂಭಗಳನ್ನು ಕೊಲ್ಲುವ ಬಿ.ಟಿ.ಐ. ಎಂಬ ಜೈವಿಕ ಪುಡಿಯನ್ನು ಚಿಟಿಕೆಯಷ್ಟು ಹಾಕಿಹೋಗುತ್ತೇನೆ. ಆದರೂ ಪಕ್ಕದ ಮನೆಯ ಹುಡುಗ ತಂದೆಯ ಕೈಹಿಡಿದು ಬಂದು ಒಮ್ಮೆ ಪರೀಕ್ಷಿಸುತ್ತಾನೆ. ಅವನ ತಾಯಿ ಮೊದಲಿನಂತೆ ಮಾತಾಡಲು ಒಂದು ವರ್ಷ ಹಿಡಿಯಿತು. ಒಂದು ಸಂಜೆ ಅವರಾಗಿಯೇ ಬಂದು ಒಂದು ಕೆಂಪು ಮರಿ ಕೇಳಿದರು. ಕೊಡುವಾಗ ನನ್ನ ಕೈ ನಡುಗಿತೆಂದರೆ ಅತಿಶಯೋಕ್ತಿಯಲ್ಲ.

ನಲವತ್ತು ಗಿಡಗಳ ಅಂಗಳ ನೂರಾನಲವತ್ತರ ಅಂಗಳಕ್ಕಿಂತ ಚೆಲುವಾಗಿದೆ. ಒಂದೊಂದಕ್ಕೂ ಬಿಸಿಲು ಸಾಕಷ್ಟು ಬೀಳುತ್ತದೆ; ಬಣ್ಣ ಹೆಚ್ಚು ಕಳೆಯೇರಿದೆ. ಚೆಲುವನ್ನು ಸಾಕುವವನು ಅದರ ಬುಡದಲ್ಲಿ ನಿಲ್ಲುವ ನೀರಿನ ಹೊಣೆಯನ್ನೂ ಹೊರಬೇಕೆಂಬುದು ನಾನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿತ ಪಾಠ.

ಶಾಲೆಯ ಕೈತೋಟಕ್ಕೆ ಕೆಲವು ಮರಿಗಳನ್ನು ಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ ಬಹಳ ಯೋಚಿಸಿದೆ. ಕಡೆಗೆ ಇಪ್ಪತ್ತನಾಲ್ಕು ಮರಿಗಳನ್ನೂ ಅವುಗಳೊಡನೆ ಒಂದು ನೋಟುಪುಸ್ತಕವನ್ನೂ ತಂದುಕೊಟ್ಟೆ. ಪುಸ್ತಕದ ಮೊದಲ ಪುಟದಲ್ಲಿ ಸೊಳ್ಳೆಯ ನಾಲ್ಕು ಅವಸ್ಥೆಗಳ ಚಿತ್ರವನ್ನು ನನ್ನ ಕೈಯಾರೆ ಬರೆದಿದ್ದೇನೆ. ಎಂಟನೆಯ ತರಗತಿಯ ಮಕ್ಕಳು ವಾರಕ್ಕೆರಡು ಬಾರಿ ಬಟ್ಟಲುಗಳನ್ನು ತೊಳೆದು ಅದರಲ್ಲಿ ಬರೆಯಬೇಕು. ಒಂದು ವಾರದ ಪುಟ ಖಾಲಿಯಾದರೂ ಕುಂಡಗಳನ್ನೆಲ್ಲ ಬೋರಲು ಹಾಕಿಬಿಡಬೇಕೆಂದು ಷರತ್ತು ಹಾಕಿದೆ. ರಜೆಯ ದಿನಗಳಿಗೆ ಪ್ರಸಾದನಿಲಯದ ಹುಡುಗರು ಒಪ್ಪಿಕೊಂಡಿದ್ದಾರೆ.

ಮೊನ್ನೆ ಬಂದಾಗ ಆ ಪುಸ್ತಕವನ್ನು ತಿರುವಿಹಾಕಿದೆ. ಪುಟಗಳೊಂದೂ ಖಾಲಿಯಿರಲಿಲ್ಲ. ಒಂದು ಬುಧವಾರದ ದಿನಾಂಕದ ಕೆಳಗೆ ಯಾವುದೋ ಮಗು ಗುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: "ಏಳನೇ ಕುಂಡದ ನೀರಿನಲ್ಲಿ ಏನೋ ಕುಣಿಯುತ್ತಿತ್ತು. ಆಗಲೇ ಚೆಲ್ಲಿದೆವು."